ಕ್ರಿಸ್ಮಸ್ ಗೀತೆಗಳು: ಕಿವಿಗೆ ಹಿತವಾದವು, ಹಿತವಲ್ಲದವು

ಒಂದೇ ಅಳತೆಯ ಅಕ್ಕಿಹಿಟ್ಟು, ಅದೇ ಬೆಣ್ಣೆ, ಅದೇ ಒರಳು. ಆದರೂ ಅತ್ತೆ ಒತ್ತಿದ ಚಕ್ಕುಲಿಯೇ ಬೇರೆ, ಸೊಸೆ ಒತ್ತಿದ ಚಕ್ಕುಲಿಯೇ ಬೇರೆ. ಹಾಡಿನ ವಿಷಯವೂ ಹೀಗೇ ಅಲ್ಲವೇ? ಬೆಳಗಿನ ಸುಪ್ರಭಾತ ಎಂದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರದೇ ಆಗಬೇಕು. ಅದೇ ಶ್ಲೋಕವನ್ನು ಬೇರೆ ಯಾರು ಎಷ್ಟೇ ಶುದ್ಧವಾಗಿ ಹೇಳಿರಲಿ, ಒಳಗಿನಿಂದ ಹಿರಿಯರು "ಇದಲ್ಲ, ಅದನ್ನು ಹಾಕು" ಎಂದು ಕೂಗುತ್ತಾರೆ. ಡಿಸೆಂಬರ್ ತಿಂಗಳಲ್ಲಿ ಕ್ರೈಸ್ತರ ಮನೆಗಳಲ್ಲಿ ಕೇಳಿ ಬರುವ ಮಾತೂ ಇದೇ.

"ಕ್ರಿಸ್ಮಸ್ ಹಾಡಿನ ವಿಚಾರ ನಿನಗೇನಮ್ಮ ಗೊತ್ತು?" ಎಂದು ನಮ್ಮನೆಯವರೇ ನಕ್ಕರು. ನಾನು ಓದಿದ್ದು ಎಸ್.ಎಸ್.ಎಲ್.ಸಿ., ಕಲಿತ ಸಂಗೀತ ಸರಳೆವರಸೆ ದಾಟಿ ಎರಡು ಗೀತೆಯವರೆಗೆ. ಆದರೆ ನಮ್ಮ ಎದುರುಮನೆಯ ಆಂಟಿ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಹನ್ನೊಂದು ವರ್ಷಗಳಿಂದ ಪ್ರತಿ ಡಿಸೆಂಬರಿನಲ್ಲಿ ಅವರ ಅಡುಗೆಮನೆಯಲ್ಲಿ ಕುಸ್ವಾರ್ ತಿಂಡಿಗಳಿಗೆ ನಾನು ಕೈಜೋಡಿಸುತ್ತೇನೆ. ನೆವ್ರಿಗೆ ಹೂರಣ ತುಂಬುವುದು, ಕಿಡಿಯೊ ಉಂಡೆಗಳನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವುದು, ಎಲ್ಲಾ ಗಂಟೆಗಟ್ಟಲೆಯ ಕೆಲಸ. ಅಷ್ಟು ಹೊತ್ತೂ ಪಕ್ಕದಲ್ಲಿ ಹಾಡು ಇರಲೇಬೇಕು. ಕೈ ಕೆಲಸ ಮಾಡುತ್ತಿರುವಾಗ ಕಿವಿಗೆ ಬಿಡುವು ಹೆಚ್ಚು ನೋಡಿ, ಯಾವುದು ಚಿನ್ನ, ಯಾವುದು ಗಿಲೀಟು ಎಂದು ತಾನಾಗಿ ತಿಳಿಯುತ್ತಾ ಹೋಗುತ್ತದೆ.

ಮೊದಲು 'ಸೈಲೆಂಟ್ ನೈಟ್' ತೆಗೆದುಕೊಳ್ಳೋಣ. ಇಂಗ್ಲಿಷ್ ಶಾಲೆಗೆ ಹೋದ ಮಕ್ಕಳಿಗೆಲ್ಲ ಈ ಹಾಡು ಬರುತ್ತದೆ. ಆದರೆ ಇದು ಇಂಗ್ಲಿಷಿನ ಹಾಡೇ ಅಲ್ಲ. ಆಸ್ಟ್ರಿಯಾ ದೇಶದ ಸಾಲ್ಝ್‌ಬರ್ಗ್ ಹತ್ತಿರ ಓಬರ್ನ್‌ಡಾರ್ಫ್ ಎಂಬ ಊರಿದೆ. ಯೋಸೆಫ್ ಮೋರ್ ಎಂಬ ತರುಣ ಪಾದ್ರಿ 1816ರಲ್ಲಿ ಜರ್ಮನ್ ಭಾಷೆಯಲ್ಲಿ ಈ ಪದ್ಯ ಬರೆದಿದ್ದರು. 1818ರ ಡಿಸೆಂಬರ್ 24ರಂದು ಅದನ್ನು ಪಕ್ಕದ ಊರಿನ ಶಾಲಾ ಮೇಷ್ಟರಾದ ಫ್ರಾನ್ಝ್ ಕ್ಸಾವರ್ ಗ್ರೂಬರ್ ಅವರಿಗೆ ಕೊಟ್ಟು ರಾಗ ಹಾಕಿಕೊಡಲು ಕೇಳಿದರು. ಅದೇ ರಾತ್ರಿ ಇಬ್ಬರೂ ನಿಂತು, ಪಾದ್ರಿಯವರೇ ಗಿಟಾರ್ ನುಡಿಸುತ್ತಾ, ಹಾಡಿದರು. ಎರಡು ಗಂಡು ದನಿ, ಒಂದು ಗಿಟಾರ್, ಅಷ್ಟೇ ಅದರ ಹುಟ್ಟು. ಲಯ ನಮ್ಮ ಜೋಗುಳದ್ದು. ತೊಟ್ಟಿಲು ತೂಗುವ ಕೈ ಹೇಗೆ ಹೋಗಿ ಬರುತ್ತದೋ ಹಾಗೆ.

ಇದನ್ನು ನೆನಪಿನಲ್ಲಿಟ್ಟುಕೊಂಡು ಕೇಳಿದರೆ ಕೆಟ್ಟ ಧ್ವನಿಮುದ್ರಣ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗು ಮಲಗಿದೆ ಎನ್ನುವ ಹಾಡಿಗೆ ಡ್ರಮ್ಮು ಬಡಿದರೆ ಮಗು ಎದ್ದು ಕೂರುವುದಿಲ್ಲವೇ? ನಲವತ್ತು ಪಿಟೀಲು, ಗಂಟೆ, ತುತ್ತೂರಿ ಎಲ್ಲವನ್ನೂ ಸೇರಿಸಿ ಕೊನೆಯ ಚರಣದಲ್ಲಿ ಸ್ಥಾಯಿ ಏರಿಸಿ ಕಿರುಚುವ ಮುದ್ರಣಗಳು ಎಷ್ಟೋ ಇವೆ. ಹಾಗಂತ ದೊಡ್ಡ ವಾದ್ಯಮೇಳ ಇರಲೇಬಾರದು ಎಂದು ನಾನು ಹೇಳುವುದಿಲ್ಲ. ಅಮೆರಿಕದ ಕಪ್ಪು ಜನಾಂಗದ ಮಹಾಗಾಯಕಿ ಲಿಯೊಂಟೀನ್ ಪ್ರೈಸ್ 1961ರಲ್ಲಿ ವಿಯೆನ್ನಾ ನಗರದಲ್ಲಿ, ಹರ್ಬರ್ಟ್ ಫಾನ್ ಕರಾಯಾನ್ ನಡೆಸಿದ ಮೇಳದೊಂದಿಗೆ ಒಂದು ಕ್ರಿಸ್ಮಸ್ ಲಾಂಗ್‌ಪ್ಲೇ ಮಾಡಿದರು. ಇಡೀ ನಾಟಕಶಾಲೆಯನ್ನು ತುಂಬಬಲ್ಲ ಕಂಠ ಅದು. ಆದರೆ ಈ ಹಾಡು ಬಂದಾಗ ಅವರು ಕಂಠವನ್ನು ಸೆರಗಿನಲ್ಲಿ ದೀಪ ಮರೆಮಾಡಿದಂತೆ ಹಿಡಿದುಕೊಳ್ಳುತ್ತಾರೆ. ವಾದ್ಯಗಳೂ ತಗ್ಗಿ ನಿಲ್ಲುತ್ತವೆ. ಇನ್ನೊಬ್ಬರು ಮಹಾಲಿಯಾ ಜಾಕ್ಸನ್, ಭಜನೆಯ ಮಾದರಿಯ ಗಾಸ್ಪೆಲ್ ಗೀತೆಗಳ ಗಾಯಕಿ. ಅವರು ಈ ಹಾಡನ್ನು ಹೇಳುವುದು ತೀರ ವಿಳಂಬದಲ್ಲಿ, ಹೆಚ್ಚು ಕಡಿಮೆ ಆಲಾಪನೆಯಂತೆ. ಮೊದಲ ಸಲ ಕೇಳಿದಾಗ ನನಗೆ ಸುಗ್ಗಿ ಮುಗಿಸಿ ಜಗಲಿಯಲ್ಲಿ ಕುಳಿತು ಹಾಡುತ್ತಿದ್ದ ನಮ್ಮಜ್ಜಿಯ ನೆನಪಾಯಿತು. ಭಾಷೆ ತಿಳಿಯಬೇಕಾದ್ದೇ ಇಲ್ಲ.

ಇನ್ನು 'ವೈಟ್ ಕ್ರಿಸ್ಮಸ್'. ಇದರ ಕಥೆ ಸ್ವಲ್ಪ ದೊಡ್ಡದು, ಆದರೆ ಹೇಳದೆ ಇರಲಾರೆ. ಹಾಡು ಬರೆದವರು ಅರ್ವಿಂಗ್ ಬರ್ಲಿನ್, ಯೆಹೂದ್ಯರು. ಅವರಿಗೆ ಅದು ಮನೆಯ ಹಬ್ಬವೇ ಅಲ್ಲ. ಅಷ್ಟೇ ಅಲ್ಲ, ಅವರ ಹಸುಗೂಸು ಮಗ ತೀರಿಕೊಂಡದ್ದು 1928ರ ಡಿಸೆಂಬರ್ 25ರಂದು. ಆ ದಿನ ಅವರ ಮನೆಯಲ್ಲಿ ಹೇಗಿರುತ್ತಿತ್ತೋ ಹೆತ್ತವರಿಗೇ ಗೊತ್ತು. ಹಾಡಿನಲ್ಲಿ ಸಂಭ್ರಮಕ್ಕಿಂತ ಹಂಬಲ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದೇನೋ ಎಂದು ನನಗನ್ನಿಸುತ್ತದೆ. ಬಿಂಗ್ ಕ್ರಾಸ್ಬಿ ಅದನ್ನು ಹಾಡಿ ಮುದ್ರಿಸಿದ್ದು 1942ರ ಮೇ 29ರಂದು. ಮೇ ತಿಂಗಳ ಕಾವಿನಲ್ಲಿ ಹಿಮದ ಹಾಡು! ಮಹಾಯುದ್ಧದ ಕಾಲ ಅದು. ಮನೆ ಬಿಟ್ಟು ಸಮುದ್ರದಾಚೆ ಇದ್ದ ಅಮೆರಿಕದ ಸೈನಿಕರು ರೇಡಿಯೋಗೆ ಬರೆದು ಬರೆದು ಈ ಹಾಡನ್ನೇ ಕೇಳುತ್ತಿದ್ದರಂತೆ.

ಈಗ ಕೇಳಿ ಸೋಜಿಗದ ಸಂಗತಿ. ಇವತ್ತು ಅಂಗಡಿಯಲ್ಲಿ, ಸಿನಿಮಾದಲ್ಲಿ, ಫೋನಿನಲ್ಲಿ ನಾವು ಸಾಮಾನ್ಯವಾಗಿ ಕೇಳುವ ಕ್ರಾಸ್ಬಿಯವರ 'ವೈಟ್ ಕ್ರಿಸ್ಮಸ್' ಆ 1942ರದ್ದಲ್ಲ. ಆ ಕಾಲದಲ್ಲಿ ಹಾಡನ್ನು ನೇರವಾಗಿ ತಟ್ಟೆಯ ಮೇಲೆ ಕೊರೆದು, ಅದರಿಂದ ಲೋಹದ ಅಚ್ಚು ಎತ್ತಿ, ಆ ಅಚ್ಚಿನಿಂದ ಪ್ಲೇಟುಗಳನ್ನು ಒತ್ತುತ್ತಿದ್ದರು. ವರ್ಷ ವರ್ಷವೂ ಬೇಡಿಕೆ ಏರುತ್ತಾ ಹೋಗಿ, ಒತ್ತಿ ಒತ್ತಿ ಆ ಮೂಲವೇ ಸವೆದು ಕೆಟ್ಟಿತು. ಹಳೆಯ ಚಕ್ಕುಲಿ ಅಚ್ಚಿನ ಮುಳ್ಳು ಸವೆದು ಹೋಗುವುದಿಲ್ಲವೇ, ಹಾಗೆ. 1947ರ ಮಾರ್ಚ್ 19ರಂದು ಅದೇ ಗಾಯಕರು, ಅದೇ ವಾದ್ಯಮೇಳ, ಅದೇ ಹಿಮ್ಮೇಳದವರು ಮತ್ತೆ ಸೇರಿ ಹಳೆಯದರಂತೆಯೇ ಹಾಡಿ ಮುದ್ರಿಸಿದರು. ಪ್ರಪಂಚಕ್ಕೆಲ್ಲ ಹರಡಿರುವುದು ಈ ಎರಡನೆಯದು. ಗುರುತು ಹಿಡಿಯುವುದು ಕಷ್ಟವಲ್ಲ. ಎರಡನೆಯದರ ಆರಂಭದಲ್ಲಿ ಕೊಳಲುಗಳೂ, ಸಣ್ಣ ಗಂಟೆಯಂತೆ ಕಿಣಿಕಿಣಿ ಎನ್ನುವ ಸೆಲೆಸ್ಟಾ ವಾದ್ಯವೂ ಇವೆ. ಮೊದಲನೆಯದು ಅಷ್ಟು ಸಿಂಗಾರವಿಲ್ಲದೆ ಶುರುವಾಗುತ್ತದೆ. ಯಾವುದು ಮೇಲು? ಕೇಳಲು ಸೊಗಸು ಎರಡನೆಯದೇ. ಆದರೆ ಯುದ್ಧದ ನಡುವೆ ಹಾಡಿದ ಮೊದಲನೆಯದರಲ್ಲಿ ದನಿ ತುಸು ಒಣಗಿದಂತಿದೆ, ಒಬ್ಬ ಮನುಷ್ಯ ಕತ್ತಲಲ್ಲಿ ಕಿಟಕಿಯ ಹತ್ತಿರ ನಿಂತು ಹೇಳಿಕೊಂಡಂತಿದೆ. ನನ್ನ ಓಟು ಅದಕ್ಕೇ.

ಒಂದೇ ಹಾಡನ್ನು ಒಬ್ಬರೇ ನಾಲ್ಕು ಸಲ ಮುದ್ರಿಸಿದ್ದೂ ಉಂಟು. 'ದಿ ಕ್ರಿಸ್ಮಸ್ ಸಾಂಗ್' ಎಂಬ ಹಾಡನ್ನು ಮೆಲ್ ಟಾರ್ಮೆ ಮತ್ತು ರಾಬರ್ಟ್ ವೆಲ್ಸ್ 1945ರ ಸೆಕೆಗಾಲದಲ್ಲಿ, ತಣ್ಣನೆಯ ಸಂಗತಿಗಳನ್ನು ನೆನೆದು ಕೂರೋಣ ಅಂತ ಬರೆದರು. ನ್ಯಾಟ್ ಕಿಂಗ್ ಕೋಲ್ ಅದನ್ನು 1946ರಲ್ಲಿ ಎರಡು ಸಲ, ಆಮೇಲೆ 1953ರಲ್ಲಿ, ಕೊನೆಗೆ 1961ರಲ್ಲಿ ಹಾಡಿದರು. ಮೊದಲನೆಯದಕ್ಕೆ ಅವರ ಮೂವರ ಪುಟ್ಟ ಮೇಳ ಮಾತ್ರ. ಎರಡನೆಯದಕ್ಕೆ ಪಿಟೀಲುಗಳು ಬಂದವು. 1961ರದ್ದು ಸ್ಟೀರಿಯೋ, ಎಲ್ಲ ಕಡೆ ಕೇಳಿಬರುವುದು ಅದೇ. ಇಲ್ಲಿ ಮಾತ್ರ ಹಳೆಯದೇ ಚೆನ್ನ ಎನ್ನಲಾರೆ. ಹದಿನೈದು ವರ್ಷ ಹಾಡಿ ಹಾಡಿ ಕಂಠ ಹದವಾಗಿದೆ. ಬೆಲ್ಲದ ಪಾಕ ಎಳೆ ಬರುವ ತನಕ ಕಾದವರಿಗೆ ಈ ಮಾತು ಅರ್ಥವಾಗುತ್ತದೆ. ಆದ್ದರಿಂದ ಹಳೆಯದೆಲ್ಲ ಚಿನ್ನ ಎನ್ನುವ ಸೂತ್ರ ಇಟ್ಟುಕೊಂಡು ಹೊರಡಬೇಡಿ.

ಇನ್ನು ನಮ್ಮ ಆಂಟಿಯ ಜಿಮ್ ರೀವ್ಸ್ ವಿಷಯಕ್ಕೆ ಬರುತ್ತೇನೆ. ಈ ಅಮೆರಿಕನ್ ಗಾಯಕರು ನಮ್ಮ ದೇಶದಲ್ಲಿ, ಅದರಲ್ಲೂ ದಕ್ಷಿಣದ ಕ್ರೈಸ್ತರ ಮನೆಗಳಲ್ಲಿ, ಮನೆಯವರೇ ಆಗಿಬಿಟ್ಟಿದ್ದಾರೆ. 1963ರಲ್ಲಿ ಅವರ 'ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್ಮಸ್' ಎಂಬ ಹನ್ನೆರಡು ಹಾಡುಗಳ ಲಾಂಗ್‌ಪ್ಲೇ ಬಂತು. ಮರುವರ್ಷ, 1964ರ ಜುಲೈ 31ರಂದು, ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ಮಳೆಗಾಳಿಗೆ ಸಿಕ್ಕಿ ಬಿದ್ದು ಅವರು ತೀರಿಕೊಂಡರು. ಆಗಿನ್ನೂ ನಲವತ್ತು ವಯಸ್ಸು. ಮೊದಮೊದಲು ಎಲ್ಲರಂತೆ ಜೋರಾಗಿಯೇ ಹಾಡುತ್ತಿದ್ದ ಅವರು 1957ರಿಂದ ಈಚೆಗೆ ಒಂದು ಹೊಸ ಪದ್ಧತಿ ಹಿಡಿದರು. ತುಟಿ ಹೆಚ್ಚು ಕಡಿಮೆ ಮೈಕಿಗೆ ತಾಗುವಷ್ಟು ಹತ್ತಿರ ನಿಂತು, ಕಿವಿಯಲ್ಲಿ ಗುಟ್ಟು ಹೇಳಿದಂತೆ ಹಾಡುವುದು. ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಕೂಗದ ಗಂಡಸಿನ ದನಿ ಮನೆಯೊಳಗೆ ಎಷ್ಟು ಹಿತ ಎಂಬುದನ್ನು ನಮ್ಮ ಓದುಗ ಸೋದರಿಯರಿಗೆ ನಾನು ವಿವರಿಸಬೇಕೇ?

ಆಂಟಿಯ ಯಜಮಾನರು ಆ ಲಾಂಗ್‌ಪ್ಲೇಯನ್ನು ಮದುವೆಯಾದ ಹೊಸತರಲ್ಲಿ ಕೊಂಡಿದ್ದರಂತೆ. ನಡುರಾತ್ರಿಯ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ, ಮಕ್ಕಳು ಮಲಗಿದ ನಂತರ, ಅಂಕಲ್ ತಾವೇ ಮುಳ್ಳು ಇಟ್ಟು ಅದನ್ನು ಹಾಕುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಮನೆ ಬದಲಾಯಿಸುವಾಗ ಪ್ಲೇಟು ಬಿಸಿಲಿಗೆ ಸಿಕ್ಕಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಎರಡು ವರ್ಷದ ಹಿಂದೆ ಪರದೇಶದಲ್ಲಿರುವ ಮಗ ಒಂದು ಪುಟ್ಟ ಸ್ಪೀಕರ್ ಕಳಿಸಿ, ಫೋನಿನಲ್ಲಿ ಜಿಮ್ ರೀವ್ಸ್ ಕ್ರಿಸ್ಮಸ್ ಹಾಡುಗಳೆಂಬ ಪಟ್ಟಿ ಹಾಕಿಕೊಟ್ಟ. ನಾನು ಕಿಡಿಯೊ ಸುತ್ತುತ್ತಿದ್ದೆ. ಹಾಡು ಶುರುವಾಗಿ ಒಂದು ಸಾಲು ಮುಗಿದಿಲ್ಲ, ಆಂಟಿಯ ಕೈ ನಿಂತಿತು.

"ಇದು ಅವನಲ್ಲ ಮಾರಾಯ್ತಿ" ಎಂದರು.

"ಹೆಸರು ಅವರದೇ ಇದೆಯಲ್ಲ ಆಂಟಿ?"

"ಹೆಸರು ಎಂಥದ್ದಾದರೂ ಇರಲಿ. ಅವನು ಹೀಗೆ ಉಸಿರು ಬಿಡುವುದಿಲ್ಲ."

ನೋಡಿದರೆ ಆಂಟಿಯ ಮಾತೇ ನಿಜ. ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಟ್ರಿಬ್ಯೂಟ್' ಎಂದಿತ್ತು. ಯಾರೋ ಪಾಪ ಅವರ ಹಾಗೆ ಹಾಡಲು ನೋಡಿದ್ದರು. ಮುಂದಿನ ಹಾಡಿನಲ್ಲಿ ದನಿ ಅವರದೇ ಇದ್ದಂತಿತ್ತು, ಆದರೆ ಹಿಂದೆ ಟಿಕ್ ಟಿಕ್ ಎಂದು ಯಂತ್ರದ ತಾಳ ಸೇರಿಸಿಬಿಟ್ಟಿದ್ದರು. ಆಂಟಿ ಏನೂ ಹೇಳದೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಮಗ ಅಷ್ಟು ದೂರದಿಂದ ಅಕ್ಕರೆಯಿಂದ ಕಳಿಸಿದ್ದು, ಬೇಡ ಎನ್ನಲೂ ಆಗದು, ಕೇಳಲೂ ಆಗದು.

ಹೀಗೆ ಹೊಸ ವಾದ್ಯ ಸೇರಿಸುವುದು ಇವತ್ತಿನ ಚಾಳಿಯಲ್ಲ. ರೀವ್ಸ್ ತೀರಿಕೊಂಡ ಮೇಲೆ ಟೇಪಿನಲ್ಲಿ ಉಳಿದಿದ್ದ ಅವರ ದನಿಗೆ ಹೊಸ ಮೇಳ ಕೂಡಿಸಿ ಎಷ್ಟೋ ಪ್ಲೇಟು ತಂದರು. 1981ರಲ್ಲಿ ಅವರೂ ಪ್ಯಾಟ್ಸಿ ಕ್ಲೈನ್ ಎಂಬ ಗಾಯಕಿಯೂ ಹಾಡಿದ ಯುಗಳಗೀತೆಯೊಂದು ಬಂತು. ಆಕೆ ತೀರಿಕೊಂಡದ್ದು 1963ರಲ್ಲಿ, ಇವರು 1964ರಲ್ಲಿ! ಇಬ್ಬರೂ ಬೇರೆ ಬೇರೆಯಾಗಿ ಹಾಡಿದ್ದನ್ನು ಯಂತ್ರದಿಂದ ಹೊಂದಿಸಿ ಜೋಡಿ ಮಾಡಿದ್ದರು. ಜನ ಮೆಚ್ಚಿಕೊಂಡದ್ದೂ ಉಂಟು. ನನಗಂತೂ ತೀರಿಹೋದವರ ಪಟ ಕತ್ತರಿಸಿ ಮದುವೆಯ ಫೋಟೋದಲ್ಲಿ ಅಂಟಿಸಿದ ಹಾಗೆ ಕಾಣುತ್ತದೆ.

ಆ ಸಂಜೆ ಮನೆಗೆ ಬಂದು ನಾನೂ ಮಗಳೂ ಕೂತು ಹುಡುಕಿದೆವು. ಹೇಗೆ ಹುಡುಕಬೇಕು ಎಂಬುದನ್ನು ಹೇಳುತ್ತೇನೆ, ನಿಮ್ಮ ಮನೆಯ ಹಿರಿಯರಿಗೂ ಉಪಯೋಗವಾದೀತು, ಅದು ಕ್ರಿಸ್ಮಸ್ ಹಾಡೇ ಆಗಬೇಕೆಂದಿಲ್ಲ. ಬರಿಯ ಗಾಯಕರ ಹೆಸರು ಹಾಕಿ ಹುಡುಕಬೇಡಿ. ಆ ಪ್ಲೇಟಿನ ಪೂರ್ತಿ ಹೆಸರು ಮತ್ತು ಮೊದಲು ಬಂದ ವರ್ಷ ಹಾಕಿ. ಹಳೆಯ ಹೊದಿಕೆ ಮನೆಯಲ್ಲಿದ್ದರೆ ಹಾಡುಗಳ ಸಂಖ್ಯೆಯನ್ನೂ ಕ್ರಮವನ್ನೂ ತಾಳೆ ನೋಡಿ. ರೀವ್ಸ್ ಅವರದಾದರೆ ಹನ್ನೆರಡೇ ಇರಬೇಕು, 'ಜಿಂಗಲ್ ಬೆಲ್ಸ್'ನಿಂದ ಆರಂಭವಾಗಿ 'ಸೈಲೆಂಟ್ ನೈಟ್'ಗೆ ಮುಗಿಯಬೇಕು. 'ಟ್ರಿಬ್ಯೂಟ್', 'ಇನ್ ದಿ ಸ್ಟೈಲ್ ಆಫ್' ಎಂದಿದ್ದರೆ ಹಾಡಿರುವುದು ಬೇರೆಯವರು. 'ರೀ-ರೆಕಾರ್ಡೆಡ್' ಎಂದಿದ್ದರೆ ಅದೇ ಗಾಯಕರು, ಆದರೆ ಎಷ್ಟೋ ವರ್ಷದ ಮೇಲೆ, ವಯಸ್ಸಾದ ಕಂಠದಲ್ಲಿ ಮತ್ತೆ ಹಾಡಿದ್ದು. 'ರೀಮಾಸ್ಟರ್ಡ್' ಎನ್ನುವುದಕ್ಕೆ ಮಾತ್ರ ಹೆದರಬೇಕಾಗಿಲ್ಲ. ಹಾಡು ಅದೇ, ಧೂಳು ಒರೆಸಿಟ್ಟಿದ್ದಾರೆ ಅಷ್ಟೆ. ಕೆಲವು ಸಲ ಧೂಳಿನ ಜೊತೆಗೆ ಬಣ್ಣವನ್ನೂ ಒರೆಸಿಬಿಡುತ್ತಾರೆ, ಅದು ಬೇರೆ ಮಾತು.

ಮರುದಿನ ಸರಿಯಾದದ್ದನ್ನು ಹಾಕಿದೆ. ಆಂಟಿ ಕಿಡಿಯೊ ಸುತ್ತುವುದನ್ನು ನಿಲ್ಲಿಸಲಿಲ್ಲ. ಎರಡನೆಯ ಹಾಡಿಗೆ, "ಇನ್ನು ಸ್ವಲ್ಪ ಸಣ್ಣ ಮಾಡು. ಅವನು ಜೋರಾಗಿ ಹಾಡುವವನಲ್ಲ" ಎಂದರು. ಅಷ್ಟೇ.

ಕೆಟ್ಟ ಮುದ್ರಣಗಳು ಎಂದರೆ ಬಹಳ ಜನ ನಾಯಿಗಳ 'ಜಿಂಗಲ್ ಬೆಲ್ಸ್' ಹೆಸರು ಹೇಳುತ್ತಾರೆ. ಹೌದು, ನಾಯಿಗಳೇ! ಡೆನ್ಮಾರ್ಕಿನ ಕಾರ್ಲ್ ವೈಸ್ಮನ್ ಎಂಬುವರು ಹಕ್ಕಿಗಳ ದನಿ ಮುದ್ರಿಸುವವರು. ಅವರು ಮುದ್ರಿಸಿದ್ದ ನಾಯಿಗಳ ಬೊಗಳಿಕೆಯ ಟೇಪನ್ನು ತುಂಡು ತುಂಡಾಗಿ ಕತ್ತರಿಸಿ, ಸ್ವರಕ್ಕೆ ಹೊಂದಿಸಿ ಅಂಟಿಸಿದ ಪ್ಲೇಟು 1955ರಲ್ಲಿ ಬಂತು. 1958ರಲ್ಲಿ ಅಮೆರಿಕದ ರಾಸ್ ಬಾಗ್ಡಸೇರಿಯನ್ ಎಂಬುವರು ತಮ್ಮ ದನಿಯನ್ನೇ ಟೇಪಿನ ವೇಗ ಹೆಚ್ಚಿಸಿ ಅಳಿಲುಮರಿಗಳ ಕೀಚಲು ದನಿ ಮಾಡಿ ಒಂದು ಕ್ರಿಸ್ಮಸ್ ಹಾಡು ತಂದರು. ಅದಕ್ಕೆ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಬಂದವು. ಸಂಗೀತ ಬಲ್ಲವರು ಮೂಗು ಮುರಿಯಲಿ, ನಾನು ಇವನ್ನು ಕೆಟ್ಟವೆನ್ನುವುದಿಲ್ಲ. ಕಂಪ್ಯೂಟರ್ ಇಲ್ಲದ ದಿನಗಳಲ್ಲಿ ಬ್ಲೇಡು ಹಿಡಿದು ಟೇಪು ಕತ್ತರಿಸಿ ಕೂರಿಸಿದವರ ತಾಳ್ಮೆ ಕಡಿಮೆಯೇ? ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಎರಡು ಸಲಕ್ಕಿಂತ ಹೆಚ್ಚು ಮಾತ್ರ ನನ್ನಿಂದ ಆಗದು.

ಬೋನಿ ಎಂ ತಂಡದ ವಿಷಯದಲ್ಲಿ ಆಂಟಿಗೂ ನನಗೂ ಜಗಳ. 'ಮೇರೀಸ್ ಬಾಯ್ ಚೈಲ್ಡ್' ಹಾಡನ್ನು ಜೆಸ್ಟರ್ ಹೇರ್‌ಸ್ಟನ್ ಬರೆದು, ಹ್ಯಾರಿ ಬೆಲಫಾಂಟೆ 1956ರಲ್ಲಿ ಹಾಡಿದರು. ಬೆಲಫಾಂಟೆಯವರದು ನಿಧಾನ, ಕಥೆ ಹೇಳುವ ಧಾಟಿ. ಬೋನಿ ಎಂ 1978ರಲ್ಲಿ ಅದಕ್ಕೆ ಕುಣಿತದ ತಾಳ ಕಟ್ಟಿದರು, 1981ರಲ್ಲಿ ಒಂದು ಇಡೀ ಕ್ರಿಸ್ಮಸ್ ಲಾಂಗ್‌ಪ್ಲೇ ತಂದರು. ಆ ತಂಡದಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಮುದ್ರಣದಲ್ಲಿ ಹಾಡುತ್ತಿರಲಿಲ್ಲ, ಗಂಡು ದನಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರದು. "ಎಲ್ಲಾ ಬೂಟಾಟಿಕೆ" ಎಂದು ಆಂಟಿ. ಆದರೆ ಲಿಜ್ ಮಿಚೆಲ್ ಅವರ ದನಿಯಲ್ಲಿ ಬೂಟಾಟಿಕೆ ಎಲ್ಲಿದೆ? ಎಣ್ಣೆ ಕಾದು ಒಂದರ ಮೇಲೊಂದು ಒಬ್ಬೆ ತೆಗೆಯುವಾಗ ಕೈಗೆ ಚುರುಕು ಬರುವುದು ಅದಕ್ಕೇ. ರಾತ್ರಿ ಕೆಲಸ ಮುಗಿದು ಕಾಲು ಚಾಚಿ ಕೂತಾಗ ಬೆಲಫಾಂಟೆ.

ನಿಜವಾಗಿ ಕೆಟ್ಟವು ಯಾವುವೆಂದರೆ ಯಾರ ಹೆಸರೂ ಇಲ್ಲದವು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ತಾಳ, ಇನ್ನೊಂದು ಒತ್ತಿದರೆ ಪಿಟೀಲು. ಹಾಡು ಮಂದ್ರವೋ ತಾರವೋ, ಜೋಗುಳವೋ ಕುಣಿತವೋ, ಎಲ್ಲಕ್ಕೂ ಒಂದೇ ಕೊಚ್ಚು. ಕನ್ನಡದ ಕ್ರಿಸ್ಮಸ್ ಗೀತೆಗಳಿಗೂ ಈ ರೋಗ ತಗಲಿದೆ ಎಂಬುದೇ ನನಗೆ ಸಂಕಟ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಕಾಲದಿಂದ ಕನ್ನಡದಲ್ಲಿ ಕ್ರೈಸ್ತ ಗೀತೆಗಳನ್ನು ಹಾಡುತ್ತಾ ಬಂದಿದ್ದಾರೆ. ಯೂರೋಪಿನ ರಾಗಕ್ಕೆ ಕನ್ನಡದ ಮಾತು ಕೂರಿಸಿದವು ಇವೆ, ನಮ್ಮದೇ ಧಾಟಿಯಲ್ಲಿ ಕಟ್ಟಿದವೂ ಇವೆ. ನಾನು ಕೇಳಿದ ಒಂದು ಮುದ್ರಣದಲ್ಲಿ ಕೀಬೋರ್ಡಿನ ಅಬ್ಬರಕ್ಕೆ ಮಾತೇ ಕೇಳಿಸದು. ಅದೇ ಹಾಡನ್ನು ಆಂಟಿಯ ಪರಿಚಯದ ಹುಡುಗನೊಬ್ಬ ಪ್ರಾರ್ಥನೆಯ ಹೊತ್ತಿನಲ್ಲಿ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದ. ನಡುವೆ ಯಾರೋ ಕೆಮ್ಮುತ್ತಾರೆ, ಒಂದು ಮಗು ಅಳುತ್ತದೆ, ಹೆಂಗಸರ ಕಡೆಯಲ್ಲಿ ಒಬ್ಬಾಕೆ ಎಲ್ಲರಿಗಿಂತ ಅರ್ಧ ಮಾತ್ರೆ ಮುಂದೆ ಓಡುತ್ತಾಳೆ. ಅದನ್ನು ನಾನು ಮೂರು ಸಲ ಕೇಳಿದೆ. ಇಂಥವನ್ನು ಯಾರಾದರೂ ಹಿರಿಯರ ಬಾಯಿಂದ ಅಚ್ಚುಕಟ್ಟಾಗಿ ಹಿಡಿದಿಡಬಾರದೇ?

ಕೆಮ್ಮು ಎಂದಾಗ ನೆನಪಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜಿನ ಕ್ರಿಸ್ಮಸ್ ಪ್ರಾರ್ಥನೆ 1918ರಲ್ಲಿ ಆರಂಭವಾದದ್ದು, 1928ರಿಂದ ಬಿ.ಬಿ.ಸಿ. ರೇಡಿಯೋದಲ್ಲಿ ಬರುತ್ತಿದೆ. ಒಬ್ಬ ಹುಡುಗ ಪಕ್ಕವಾದ್ಯವೇ ಇಲ್ಲದೆ ಮೊದಲ ಚರಣ ಹಾಡುತ್ತಾನೆ. ಯಾವ ಹುಡುಗ ಹಾಡಬೇಕೆಂದು ಆ ಗಳಿಗೆಯವರೆಗೂ ಅವರಿಗೇ ಗೊತ್ತಿರುವುದಿಲ್ಲ. ಮಕ್ಕಳು ರಾತ್ರಿಯೆಲ್ಲ ಹೆದರಿ ನಿದ್ದೆಗೆಡಬಾರದು ಎಂದು ಗುರುಗಳು ಕೊನೆಗಳಿಗೆಯಲ್ಲಿ ಸನ್ನೆ ಮಾಡುತ್ತಾರೆ. ಕಲ್ಲಿನ ಕಟ್ಟಡದಲ್ಲಿ ಆ ಎಳೆದನಿ ಏರಿ ನಿಲ್ಲುವುದನ್ನು ಕೇಳಿಯೇ ತಿಳಿಯಬೇಕು. ಡಿಸೆಂಬರ್ 24ರಂದು ಅಲ್ಲಿ ಮಧ್ಯಾಹ್ನ ಮೂರು, ನಮಗೆ ರಾತ್ರಿ ಎಂಟೂವರೆ. ಕೋವಿಡ್ ಬಂದ 2020ರಲ್ಲಿ ಜನರಿಲ್ಲದ ಖಾಲಿ ಮಂದಿರದಲ್ಲಿ ಮೊದಲೇ ಹಾಡಿಸಿಟ್ಟು ಪ್ರಸಾರ ಮಾಡಿದರು. ಅದರಲ್ಲಿ ಒಂದು ಅಪಸ್ವರವಿಲ್ಲ, ಒಂದು ಕೆಮ್ಮಿಲ್ಲ. ಆಂಟಿಗೆ ಅದೇ ಹಿಡಿಸಲಿಲ್ಲ.

ಕೊನೆಯದಾಗಿ, ಅಟ್ಟದ ಮೇಲೆ ಹಳೆಯ ಪ್ಲೇಟುಗಳಿರುವವರಿಗೆ ಒಂದೆರಡು ಮಾತು. ಒಂದರ ಮೇಲೊಂದು ಪೇರಿಸಿಡಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬಿಸಿಲು, ಒಲೆಯ ಪಕ್ಕ, ಫ್ರಿಜ್ಜಿನ ಮೇಲೆ ಬೇಡವೇ ಬೇಡ. ನಿಮಿಷಕ್ಕೆ 78 ಸುತ್ತಿನ ಭಾರವಾದ ಹಳೆಯ ಪ್ಲೇಟುಗಳು ಅರಗಿನವು, ಅವಕ್ಕೆ ಸ್ಪಿರಿಟ್ ಸೋಕಿಸಿದರೆ ಕರಗುತ್ತವೆ. ಒಂದು ಹನಿ ಸೌಮ್ಯವಾದ ಸೋಪು ಬೆರೆಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ನಡುವಿನ ಚೀಟಿ ನೆನೆಯಬಾರದು. ನೆರಳಲ್ಲಿ ಒಣಗಿಸಿ. ಕೀಲಿ ಕೊಡುವ ಪೆಟ್ಟಿಗೆಯಲ್ಲಿ ಹಾಕುವುದಾದರೆ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಾಯಿಸಬೇಕು. ಸವೆದ ಮುಳ್ಳಿನಲ್ಲಿ ಇನ್ನೊಂದೇ ಒಂದು ಹಾಡು ಎಂದು ಆಸೆಪಟ್ಟರೆ ಗೆರೆಯನ್ನೇ ಕೆರೆದು ಹಾಕುತ್ತದೆ.